ನಿಧಿ ನಕ್ಷೆಯಲ್ಲಿ ಆಣೆ ಲೆಕ್ಕ

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ತಲೆಬರಹವೂ ಹೆಚ್ಚುಕಡಿಮೆ ಅದೇ. ನಿಧಿ ಆಸೆಗೆ ವಿಗ್ರಹ ಭಗ್ನ. ಇಲ್ಲವೇ, ನಿಧಿಗಳ್ಳರಿಂದ ವೀರಗಲ್ಲು ಧ್ವಂಸ. ಕೆಳಗೊಂದು ಫೋಟೊ: ಗುಂಡಿ, ಅದರ ಪಕ್ಕ ಅರಿಶಿನ ಕುಂಕುಮ, ಕೊಯ್ದ ನಿಂಬೆಹಣ್ಣು, ಎರಡು ತುಂಡಾಗಿ ಬಿದ್ದ ಕಲ್ಲು. ಓದಿ ಪುಟ ತಿರುಗಿಸುತ್ತೇವೆ. ನನಗೆ ಮಾತ್ರ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಸುತ್ತ ಅಷ್ಟೊಂದು ಬಯಲಿರುವಾಗ ಇವರು ಅಗೆದದ್ದು ಆ ಜಾಗವನ್ನೇ ಯಾಕೆ? ಅಗೆಯುವ ಮುಂಚೆ ಯಾರೋ ಏನನ್ನೋ ಓದಿದ್ದಾರೆ. ಕಲ್ಲಿನ ಮೇಲಿನ ಚಿತ್ರವನ್ನೋ, ಹಳೇ ಕಾಗದವನ್ನೋ, ಬೆಟ್ಟದ ಆಕಾರವನ್ನೋ ನೋಡಿ ಇಲ್ಲೇ ಅಂತ ತೀರ್ಮಾನ ಮಾಡಿದ್ದಾರೆ. ಆ ಓದು ಎಂಥದ್ದು ಅನ್ನೋದು ನನ್ನ ಕುತೂಹಲ.

ನಮ್ಮ ಕಡೆ ನಿಧಿ ಕತೆಗಳಿಗೆ ಬರವಿಲ್ಲ ಬಿಡಿ. ಹಳೇಬೀಡಿಗೆ 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ದಂಡು ಬರುವ ಮುಂಚೆ ಅರಮನೆಯವರು ಹೂತಿಟ್ಟ ಚಿನ್ನ ಇನ್ನೂ ಅಲ್ಲೆಲ್ಲೋ ಇದೆ ಅಂತ ಆ ಸುತ್ತಿನವರು ಹೇಳುತ್ತಾರೆ. ಸಕಲೇಶಪುರದ ಮಂಜರಾಬಾದ್ ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಅನ್ನೋದಂತೂ ಕೋಟೆ ಹತ್ತಿದ ಮಕ್ಕಳಿಗೆಲ್ಲ ಗೊತ್ತು. (ಶ್ರೀರಂಗಪಟ್ಟಣದ ಸುತ್ತ ಕಾವೇರಿ ಇದೆಯಲ್ಲ, ಸುರಂಗ ಹೇಗೆ ಹೋಗುತ್ತೆ ಅಂದರೆ, ಹೊಳೆ ಕೆಳಗಿಂದ ಅನ್ನುತ್ತಾರೆ. ಮುಗೀತು.) ಈ ಕತೆಗಳಿಂದ ಯಾರಿಗೂ ನಷ್ಟವಿಲ್ಲ. ಕತೆ ಕೇಳಿದವನು ಹಾರೆ ಹಿಡಿದು, ಕಲ್ಲಿನ ಮೇಲೆ ಗುರುತು ಹುಡುಕಲು ಹೊರಟಾಗ ತೊಂದರೆ ಶುರುವಾಗುತ್ತದೆ.

ಕೊಡೆ ಹಿಡಿದ ವಾಮನ

ಅವರು ಗುರುತು ಅಂತ ನೋಡುವುದು ಯಾವುದನ್ನು? ಸೂರ್ಯ ಚಂದ್ರ, ಹಸು ಕರು, ಲಿಂಗ, ಕತ್ತಿ, ಹಾವು, ಕೊಡೆ. ಇವುಗಳ ಅರ್ಥವನ್ನು ಒಬ್ಬ ಬಲ್ಲವರು ನನಗೆ ಬಿಡಿಸಿ ಹೇಳಿದ್ದರು. ಸೂರ್ಯ ಚಂದ್ರ ಇದ್ದರೆ ಹಗಲೂ ರಾತ್ರಿ ಕಾವಲಿದೆ ಅಂತಂತೆ. ಹಸು ಕರು ಇದ್ದರೆ ದೊಡ್ಡ ಕೊಪ್ಪರಿಗೆ ಒಂದು, ಅದರ ಮಗ್ಗುಲಿಗೆ ಸಣ್ಣದು ಒಂದಂತೆ. ವಾಮನನ ಕೊಡೆ ಯಾವ ದಿಕ್ಕಿಗೆ ವಾಲಿದೆಯೋ ಆ ದಿಕ್ಕಿಗೆ ಇಷ್ಟು ಮಾರು ಅಳೆಯಬೇಕಂತೆ. ಎಷ್ಟು ಮಾರು ಅಂದರೆ, ಅದು ಗುರುಗಳಿಂದಲೇ ತಿಳಿಯಬೇಕು ಅಂದರು.

ಈ ಕಲ್ಲುಗಳ ನಿಜವಾದ ಅರ್ಥದಲ್ಲಿ ಗುಟ್ಟೇನೂ ಇಲ್ಲ. ಸೂರ್ಯ ಚಂದ್ರರು ಇರುವವರೆಗೂ ಈ ದತ್ತಿ ನಡೆಯಲಿ ಅಂತ ಮೇಲೆ ಸೂರ್ಯ ಚಂದ್ರ ಕೆತ್ತುತ್ತಿದ್ದರು. ಹಸು ಕರು ದಾನದ ಗುರುತು. ಕೊಡೆ, ಕಮಂಡಲ ಹಿಡಿದ ವಾಮನ ಇದ್ದರೆ ಅದು ವಾಮನ ಮುದ್ರೆ ಕಲ್ಲು, ಬ್ರಾಹ್ಮಣರಿಗೋ ವಿಷ್ಣು ದೇವಸ್ಥಾನಕ್ಕೋ ಬಿಟ್ಟ ಜಮೀನಿನ ಗಡಿ. ಲಿಂಗ ಇದ್ದರೆ ಲಿಂಗಮುದ್ರೆ, ಶಿವನ ಗುಡಿಯ ಜಮೀನು. ಮೂರು ಕೊಡೆ ಒಂದರ ಮೇಲೊಂದು ಇದ್ದರೆ ಮುಕ್ಕೊಡೆ ಕಲ್ಲು, ಜೈನ ಬಸದಿಯ ಜಮೀನು. ಅಕ್ಷರ ಬಾರದವನೂ ದೂರದಿಂದಲೇ ನೋಡಿ, ಇಲ್ಲಿಂದಾಚೆ ದೇವರ ಹೊಲ, ನೇಗಿಲು ಹೂಡಬಾರದು ಅಂತ ತಿಳಿದುಕೊಳ್ಳಲಿ ಅಂತಲೇ ಚಿತ್ರ ಹಾಕಿದ್ದು. ವೀರಗಲ್ಲೂ ಹಾಗೆಯೇ. ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವಿನದರಲ್ಲಿ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸ. ಊರ ದನ ಉಳಿಸಲು ಹೋಗಿ ಸತ್ತವನ ಕತೆಯನ್ನು ಊರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ್ದಾರೆ. ಚಿನ್ನ ಹೂತಿಟ್ಟವನು ಊರ ಮುಂದೆ ಆಳೆತ್ತರದ ಕಲ್ಲು ನೆಟ್ಟು ಚಿತ್ರ ಬರೆಸುತ್ತಾನಾ?

ಆದರೂ ನಿಧಿಗಳ್ಳರು ಹೀಗೆ ಓದುವುದಕ್ಕೆ ಒಂದು ಕಾರಣ ಇದೆ ಅನ್ನೋದನ್ನು ಒಪ್ಪಬೇಕು. ಬಿ.ಎಲ್. ರೈಸ್ ಅವರು ಶಾಸನಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಯದು ಐದನೇ ಸಂಪುಟ, ಆಗಿನ ಕಡೂರು ಜಿಲ್ಲೆ, ಅಂದರೆ ಈಗಿನ ಚಿಕ್ಕಮಗಳೂರಿನದು ಆರನೇ ಸಂಪುಟ. ಅದರಲ್ಲಿ ದತ್ತಿ ಶಾಸನಗಳ ಗಡಿ ಹೇಳುವ ಭಾಗ ಓದಿ ನೋಡಿ. ಮೂಡಲು ಹಿರಿಯ ಹುಣಸೆ, ಅಲ್ಲಿಂದ ತೆಂಕಲು ಹಳ್ಳ ಹಿಡಿದು ನಟ್ಟ ಕಲ್ಲು, ಅಲ್ಲಿಂದ ಪಡುವಲು ಹುತ್ತ, ಬಡಗಲು ಕೆರೆಯ ಕೋಡಿ ಅಂತ ಸಾಗುತ್ತದೆ. ಮೂಲೆ ಮೂಲೆಗೂ ಒಂದು ಗುರುತು, ಗುರುತಿಂದ ಗುರುತಿಗೆ ದಿಕ್ಕು. ಕೊನೆಯಲ್ಲಿ ಶಾಪ: ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ದಿಕ್ಕು, ಮರ, ಹುತ್ತ, ಕಲ್ಲು, ಮೇಲೊಂದು ಶಾಪ. ನಿಧಿ ನಕ್ಷೆಗೆ ಇನ್ನೇನು ಬೇಕು? ಶಾಪ ಇದೆ ಅಂದಮೇಲೆ ಒಳಗೆ ಏನೋ ಇದೆ ಅಂತ ಅವರ ಲೆಕ್ಕ. ಒಳಗಿದ್ದದ್ದು ಗದ್ದೆ. ಈಗಲೂ ಅಲ್ಲಿ ಭತ್ತ ಬೆಳೆಯುತ್ತಿರಬಹುದು.

ಚನ್ನರಾಯಪಟ್ಟಣದ ಹೋಟೆಲಿನಲ್ಲಿ

ನಮ್ಮ ದೊಡ್ಡಪ್ಪ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಒಮ್ಮೆ ಅವರ ಜೊತೆ ಚನ್ನರಾಯಪಟ್ಟಣದ ಹೋಟೆಲೊಂದರಲ್ಲಿ ಕೂತಿದ್ದಾಗ ಅವರ ಪರಿಚಯದ ಹುಡುಗನೊಬ್ಬ ಹುಡುಕಿಕೊಂಡು ಬಂದ. ಹುಡುಗ ಅಂದರೆ ಮೂವತ್ತು ದಾಟಿರಬೇಕು. ಕೂತವನು ಆಕಡೆ ಈಕಡೆ ನೋಡಿ, ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದ. ತಾತನ ಟ್ರಂಕಿನಲ್ಲಿ ಸಿಕ್ಕಿದ್ದಂತೆ. ಮಡಿಕೆ ಇದ್ದಲ್ಲೆಲ್ಲ ಹರಿದು ಹಿಂದಿನಿಂದ ಗಮ್ ಟೇಪ್ ಹಾಕಿದ್ದ. ಸೊಟ್ಟ ಸೊಟ್ಟ ಐದು ಮೂಲೆಯ ಒಂದು ಆಕೃತಿ. ಒಳಗೆ ಉದ್ದಕ್ಕೊಂದು ಗೆರೆ, ಅದಕ್ಕೆ ಅಡ್ಡ ಗೆರೆಗಳು. ಗೆರೆ ಗೆರೆಗೂ 4-6, 7-12 ಅಂತ ಅಂಕಿ. ಒಂದು ಮೂಲೆಯಲ್ಲಿ ಮೂರು ಕಡೆಯಿಂದ ಗೆರೆ ಬಂದು ಕೂಡಿದ್ದವು. ಅಲ್ಲೊಂದು ಗುರುತು. ಇದನ್ನು ಯಾರೋ ಅಂಜನ ಹಾಕುವವರಿಗೆ ತೋರಿಸಿದ್ದನಂತೆ. ಅವರು ಹದಿನೈದು ಸಾವಿರ ಇಸಕೊಂಡು, ಮೂರು ದಾರಿ ಕೂಡುವಲ್ಲಿ ಚಿನ್ನದ ಗಣಿಯ ಬಾಯಿ ಇದೆ, ಹಿಂದಿನವರು ಮುಚ್ಚಿದ್ದಾರೆ, ಅಮಾವಾಸ್ಯೆ ದಿನ ತೆಗೆಯಬೇಕು ಅಂದಿದ್ದರಂತೆ.

ದೊಡ್ಡಪ್ಪ ಕಾಫಿ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ಕಾಗದವನ್ನು ತಲೆಕೆಳಗು ಮಾಡಿ ಹಿಡಿದರು. ಉತ್ತರ ಮೇಲೆ ಬಂತು.

"ಇದು ಟಿಪ್ಪಣಿ ಕಣಪ್ಪ, ಸರ್ವೆಯವರು ಬರೆದ ಅಳತೆ ಚಿತ್ರ. ನಿಮ್ಮ ತಾತನ ಜಮೀನಿಂದು."

"ಇಲ್ಲ ಸಾರ್. ಇಲ್ಲಿ ನೋಡಿ, ಆಣೆ ಅಂತ ಬರೆದವ್ರೆ. ಜಮೀನಿಗೆ ಯಾಕೆ ಸಾರ್ ಆಣೆ?"

ದೊಡ್ಡಪ್ಪ ನಗಲಿಲ್ಲ. ಆಣೆ ಅಂದರೆ ದುಡ್ಡಲ್ಲ, ಅಳತೆ ಅಂತ ಹೇಳಿಕೊಟ್ಟರು. ಸರ್ವೆ ಸರಪಳಿ 33 ಅಡಿ. ರೂಪಾಯಿಯ ಹಾಗೆ ಅದಕ್ಕೂ 16 ಆಣೆ. ಒಂದು ಆಣೆ ಅಂದರೆ ಎರಡು ಅಡಿಗಿಂತ ಚೂರು ಜಾಸ್ತಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. 7-12 ಅಂದರೆ ಏಳು ಸರಪಳಿ ಹನ್ನೆರಡು ಆಣೆ, ಹತ್ತಿರ ಹತ್ತಿರ 256 ಅಡಿ. ಮೂರು ಗೆರೆ ಕೂಡುವ ಜಾಗದಲ್ಲಿ ಮೂರು ಊರಿನ ಗಡಿ ಸೇರುತ್ತದೆ, ಅಲ್ಲಿ ಗಡಿಕಲ್ಲು ಇರಲೇಬೇಕು. "ಕಲ್ಲು ಇದೆಯೇನು?" ಅಂತ ಕೇಳಿದರು.

ಇತ್ತು, ಅಂದ ಹುಡುಗ. ಅದನ್ನೇ ಕೀಳಬೇಕು ಅಂತ ಹೊರಟಿದ್ದರಂತೆ.

"ಕಿತ್ತಿದ್ರೆ ಕೇಸು ಹಾಕಿಸ್ಕೊತಿದ್ದೆ. ನಿಧಿ ಕೇಸಲ್ಲ, ಬಾಂದುಕಲ್ಲು ಕಿತ್ತ ಕೇಸು," ಅಂದರು ದೊಡ್ಡಪ್ಪ. ಆಮೇಲೆ ಪೆನ್ನು ತೆಗೆದು ಬಿಲ್ಲಿನ ಹಿಂದೆ ಅಡಿ ಲೆಕ್ಕ ಹಾಕುತ್ತಾ ಹೋದರು. ಪೂರ್ವದ ಬದು ಇಷ್ಟು, ಪಶ್ಚಿಮದ್ದು ಇಷ್ಟು. ಹುಡುಗ ಬಗ್ಗಿ ನೋಡುತ್ತಿದ್ದ. ಒಂದು ಕಡೆ ಬಂದಾಗ ತಡೆದ. "ಇಷ್ಟೊಂದಿಲ್ಲ ಸಾರ್ ಅಲ್ಲಿ. ಪಕ್ಕದವ್ರ ಬೇಲಿ ಇನ್ನೂ ಒಳಗಿದೆ." ಗಣಿ, ಅಮಾವಾಸ್ಯೆ, ಅಂಜನ ಎಲ್ಲ ಅಲ್ಲಿಗೇ ನಿಂತಿತು. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಸೋದಕ್ಕೆ, ಅರ್ಜಿ ಎಲ್ಲಿ ಕೊಡಬೇಕು, ಎಷ್ಟು ಶುಲ್ಕ, ಪಕ್ಕದವರಿಗೆ ನೋಟಿಸ್ ಹೋಗುತ್ತಾ ಅಂತ ಕೇಳುತ್ತಾ ಕೂತ. ತಾತನ ಕಾಗದಕ್ಕೆ ನಿಜವಾಗಿಯೂ ಬೆಲೆ ಇತ್ತು.

ಬಾಂದುಕಲ್ಲಿನ ಮಾತು ಬಂದಾಗ ದೊಡ್ಡಪ್ಪ ಇನ್ನೊಂದು ವಿಷಯ ಹೇಳಿದರು. ಬೆಟ್ಟದ ಬಂಡೆಗಳ ಮೇಲೆ, ಹಳೇ ಸೇತುವೆಗಳ ಕಟ್ಟೆ ಮೇಲೆ ಜಿ.ಟಿ.ಎಸ್., ಬಿ.ಎಂ. ಅಂತ ಇಂಗ್ಲಿಷ್ ಅಕ್ಷರ ಕೆತ್ತಿರುವುದನ್ನು ಕೆಲವರು ನೋಡಿರುತ್ತೀರಿ. ಬ್ರಿಟಿಷರ ಕಾಲದ ಮಹಾ ತ್ರಿಕೋನಮಿತಿ ಸರ್ವೆಯ ಗುರುತುಗಳು. ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಎತ್ತರ ಅಂತ ಅಳೆದ ಜಾಗ. ಬಿಳಿಯರು ಚಿನ್ನ ಹೂತು ಹಾಕಿದ ಗುರುತು ಅಂತ ಅದನ್ನೂ ಅಗೆದವರಿದ್ದಾರಂತೆ.

ಅರಿಜೋನಾದ ಬೆಟ್ಟದಲ್ಲೂ

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಅರಿಜೋನಾದಲ್ಲಿ ಸೂಪರ್‌ಸ್ಟಿಷನ್ ಅನ್ನುವ ಬೆಟ್ಟಸಾಲಿದೆ. ಹೆಸರೇ ಮೂಢನಂಬಿಕೆ! ಜೇಕಬ್ ವಾಲ್ಟ್ಜ್ ಅನ್ನುವ ಜರ್ಮನ್ ಮೂಲದವನೊಬ್ಬ 1891ರಲ್ಲಿ ಫೀನಿಕ್ಸ್ ಊರಿನಲ್ಲಿ ಸತ್ತ. ಸಾಯುವ ಮುಂಚೆ ತನ್ನ ಚಿನ್ನದ ಗಣಿ ಎಲ್ಲಿದೆ ಅಂತ ಸೂಚನೆ ಹೇಳಿದ ಅನ್ನೋದು ಕತೆ. ಅವತ್ತಿನಿಂದ ಇವತ್ತಿನವರೆಗೂ ಜನ ಹುಡುಕುತ್ತಲೇ ಇದ್ದಾರೆ. 1931ರಲ್ಲಿ ಅಡಾಲ್ಫ್ ರೂತ್ ಅನ್ನುವ ವಯಸ್ಸಾದ ಮನುಷ್ಯ ಹಳೇ ನಕ್ಷೆ ಇಟ್ಟುಕೊಂಡು ಬೇಸಿಗೆಯಲ್ಲಿ ಬೆಟ್ಟದೊಳಗೆ ಹೋದ. ಅದೇ ವರ್ಷದ ಕೊನೆಗೆ ಅವನ ತಲೆಬುರುಡೆ ಸಿಕ್ಕಿತು. ಆಮೇಲೆ ಕುದುರೆ, ಹೃದಯ, ದಾರಿಗೆರೆ ಕೆತ್ತಿದ ಪೆರಾಲ್ಟಾ ಕಲ್ಲುಗಳು ಅಂತ ಬಂದವು. ಅವು ಯಾರೋ ಈಚೆಗೆ ಕೆತ್ತಿದ ನಕಲಿ ಅಂತ ಅನೇಕರು ಹೇಳುತ್ತಾರೆ. ಆದರೂ ಅವುಗಳ ಗೆರೆ ಬಿಡಿಸುವವರಿಗೆ ಕೊರತೆಯಿಲ್ಲ. ಆ ಬೆಟ್ಟಸಾಲು ಬಹುಪಾಲು ಜ್ವಾಲಾಮುಖಿ ಉಗುಳಿದ ಕಲ್ಲು. ಅಂಥ ಕಡೆ ಚಿನ್ನ ಸಿಗುವುದು ಕಷ್ಟ ಅಂತ ಭೂವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ನಕ್ಷೆಯನ್ನು ಓದಿದಷ್ಟು ಆಸೆಯಿಂದ ಬಂಡೆಯನ್ನು ಯಾರೂ ಓದಲಿಲ್ಲ.

ಗಣಿ ಬಿಟ್ಟುಹೋಗುವ ಗುರುತು

ಹಾಗಾದರೆ ಕಳೆದುಹೋದ ಗಣಿ ನಮ್ಮ ಕಡೆ ಇಲ್ಲವಾ? ಇದೆ. ನುಗ್ಗೇಹಳ್ಳಿ ಶಿಲಾಪಟ್ಟಿ ಅಂತ ಭೂವಿಜ್ಞಾನದವರು ಕರೆಯುವ ಒಂದು ಪಟ್ಟಿ ಚನ್ನರಾಯಪಟ್ಟಣದ ಕಡೆಯಿಂದ ಅರಸೀಕೆರೆ ಕಡೆಗೆ ಹೋಗುತ್ತದೆ. ಅದರಲ್ಲೇ ಬೈರಾಪುರದ ಕ್ರೋಮೈಟ್ ಅದಿರಿನ ಗಣಿ ಇರುವುದು. ಅದೇ ಪಟ್ಟಿಯ ಕೆಂಪಿನಕೋಟೆಯಲ್ಲಿ ಹಿಂದಿನವರು ಚಿನ್ನಕ್ಕೆ ಅಗೆದ ಹಳೇ ಗುಣಿಗಳು ಭೂವಿಜ್ಞಾನದ ದಾಖಲೆಯಲ್ಲಿವೆ. ನುಗ್ಗೇಹಳ್ಳಿಗೆ ಹೋದವರೆಲ್ಲ 1246ರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿ ವಾಪಸ್ ಬರುತ್ತಾರೆ. ಸುತ್ತಲಿನ ಕಲ್ಲು ನೋಡುವವರು ಕಡಿಮೆ.

ಆ ಕಡೆಯ ಒಂದು ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜರೊಬ್ಬರು ನನಗೆ ಸಿಕ್ಕರು. ಏನು ನೋಡ್ತಿದೀರಿ ಅಂದರು. ಹಳೇ ಕಲ್ಲು ಅಂದೆ. ಭೀಮನ ಒಳ್ಕಲ್ಲು ನೋಡಿದಿರಾ ಅಂತ ಕರೆದುಕೊಂಡು ಹೋದರು. ನೆಲಕ್ಕೆ ಅಂಟಿದ ಹಾಸುಬಂಡೆ. ಅದರ ಮೇಲೆ ಬಟ್ಟಲಿನಂಥ ಗುಳಿಗಳು, ಅಂಗೈ ಇಟ್ಟರೆ ಮುಚ್ಚುವಷ್ಟು ಅಗಲ. ಕೆಲವು ಮೊಣಕೈವರೆಗೆ ಆಳ, ಕೆಲವು ಬರೀ ಶುರು ಮಾಡಿ ಬಿಟ್ಟ ಹಾಗಿದ್ದವು. ಹಿಂದಿನ ದಿನದ ಮಳೆ ನೀರು ನಿಂತಿತ್ತು, ಕುರಿಯೊಂದು ಬಂದು ಕುಡಿಯಿತು. ಒಳಗೆ ಕೈಹಾಕಿ ಸವರಿದೆ. ಬಂಡೆಯ ಮೈ ಒರಟು, ಗುಳಿಯ ಒಳಮೈ ನುಣುಪು. ಸುತ್ತಲೂ ಬೆಣಚುಕಲ್ಲಿನ ಚೂರು ಚೆಲ್ಲಿತ್ತು, ಹೆಚ್ಚಿನವು ಅಡಿಕೆ ಗಾತ್ರ. ಹೊಳೆಯಲ್ಲಿ ಉರುಳಿ ಬಂದ ಕಲ್ಲಿಗೆ ಅಂಚು ದುಂಡಗಿರುತ್ತದೆ. ಇವಕ್ಕೆ ಅಂಚು ಚೂಪಾಗಿತ್ತು, ಕೈಯಿಂದ ಒಡೆದದ್ದು.

"ಭೀಮ ಇಲ್ಲಿ ಅಕ್ಕಿ ಕುಟ್ಟಿದ್ನಂತೆ ಸ್ವಾಮಿ. ಅವನ ಹೊಟ್ಟೆಗೆ ಇಷ್ಟೂ ಒಳ್ಕಲ್ಲು ಬೇಕಲ್ಲ," ಅಂದರು ಅಜ್ಜ. ಹತ್ತಿರದಲ್ಲಿ ಹಳ್ಳ ಬಿದ್ದ ಜಾಗ ಇದೆಯಾ ಅಂತ ಕೇಳಿದೆ. "ಇಲ್ಲದೇನು, ಮೇಲ್ಗಡೆ ಇದೆ. ಕುರಿ ಬೀಳ್ತವೆ ಅಂತ ಮುಳ್ಳು ಹಾಕಿದೀವಿ." ಹೋಗಿ ನೋಡಿದರೆ ಉದ್ದಕ್ಕೆ ಒಂದೇ ಸಾಲಿನಲ್ಲಿ ಕುಸಿದ ಗುಣಿಗಳು. ಅರ್ಧ ಮಣ್ಣು ತುಂಬಿ, ಲಂಟಾನ ಬೆಳೆದಿತ್ತು. ಸಾಲು ಹೋಗಿದ್ದು ಬೆಣಚುಕಲ್ಲಿನ ಪಟ್ಟೆ ಹೋದ ಕಡೆಗೆ. ಹಿಂದಿನವರು ಆ ಬಿಳಿ ಪಟ್ಟೆಯನ್ನೇ ಹಿಂಬಾಲಿಸಿಕೊಂಡು ಅಗೆದಿದ್ದಾರೆ.

ಯಾರೂ ಯಾವ ಗುರುತನ್ನೂ ಬೇಕು ಅಂತ ಬಿಟ್ಟಿಲ್ಲ. ಗಣಿಯವರು ಬಿಟ್ಟಿದ್ದು ಕಸ. ಅವರ ಕೆಲಸ ಹೇಗಿತ್ತು ಅಂದರೆ, ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕಿ ಕಾಯಿಸುವುದು, ಕಾದ ಬಂಡೆಗೆ ನೀರೆರಚಿ ಬಿರುಕು ಬಿಡಿಸುವುದು, ಸಿಡಿದದ್ದನ್ನು ಹೊತ್ತು ಮೇಲೆ ತಂದು ಗುಳಿಯಲ್ಲಿ ಹಾಕಿ ಕುಟ್ಟುವುದು, ಪುಡಿಯನ್ನು ಹಳ್ಳದ ನೀರಲ್ಲಿ ತೊಳೆಯುವುದು. ರಾಯಚೂರಿನ ಹಟ್ಟಿಯಲ್ಲಿ ಹೀಗೆಯೇ 640 ಅಡಿ ಆಳದವರೆಗೆ ಇಳಿದಿದ್ದರು. ಅಲ್ಲಿ ಸಿಕ್ಕ ಹಳೇ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಇಂಥ ಗಣಿಗಳು ನಿಂತದ್ದಕ್ಕೆ ಕಾರಣ ಸಾಮಾನ್ಯವಾಗಿ ನೀರು. ತಳದಲ್ಲಿ ಊಟೆ ಬಂದರೆ ಮೇಲೆ ಎತ್ತಿ ಪೂರೈಸುವುದಿಲ್ಲ. ಬಿಟ್ಟು ಹೋಗುವಾಗ ಯಾರೂ ನಕ್ಷೆ ಬರೆದು ಕೆತ್ತಿಡಲಿಲ್ಲ. ಊರಿನ ಕುರಿಗಾಹಿಗೆ ಗೊತ್ತಿರುವ ಜಾಗಕ್ಕೆ ನಕ್ಷೆ ಯಾಕೆ?

ಕೋಲಾರದ ಕತೆಯೂ ಇದೇ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅಲ್ಲಿಗೆ ಬಂದದ್ದು ಮೈಸೂರಿನ ಮೂಡಲ ಗಡಿ ಅಳೆಯೋಕೆ. ಅವನೂ ಗಡಿಕಲ್ಲಿನವನೇ ಅನ್ನಿ. ಚಿನ್ನದ ಸುದ್ದಿ ಕಿವಿಗೆ ಬಿದ್ದಾಗ ಅವನು ಯಾವ ಗುರುತನ್ನೂ ಬಿಡಿಸಲು ಕೂರಲಿಲ್ಲ. ತೋರಿಸಿದವರಿಗೆ ಬಹುಮಾನ ಕೊಡ್ತೀನಿ ಅಂದ. ಹಳ್ಳಿಯವರು ಮಣ್ಣು ಹೊಡಕೊಂಡು ಬಂದರು, ಹೆಂಗಸರು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಗುಣಿಗೆ ಇಳಿದು ಕೆಲಸ ಮಾಡುವವರೇ ಇದ್ದರು. ಲಾವೆಲ್ ಅನ್ನುವವನು ಗಣಿಗೆ ಪರವಾನಗಿ ಕೇಳಿದ್ದು 1873ರಲ್ಲಿ, ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ. ಎಲ್ಲ ಮುಗಿದು 2001ರಲ್ಲಿ ಗಣಿ ಮುಚ್ಚಿತು. ಈಗ ಅಲ್ಲಿಯ ಚಿನ್ನದ ಮಾತು ಬಂದರೆ ಮೊದಲು ಬರುವುದು ಚಿನ್ನ ತೆಗೆದು ಉಳಿದ ಪುಡಿ ಸುರಿದ, ಊರ ಪಕ್ಕದ ಸೈನೈಡ್ ದಿಬ್ಬಗಳ ಮಾತು. ಅಲ್ಲೂ ಕಸವೇ.

ಹುತ್ತದ ವಿಷಯ ಒಂದು ಹೇಳಲೇಬೇಕು. ಹುತ್ತದಡಿ ನಿಧಿ, ಅದಕ್ಕೆ ಹಾವಿನ ಕಾವಲು ಅನ್ನೋದು ನಮ್ಮಲ್ಲಿ ಗಟ್ಟಿ ನಂಬಿಕೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯವರು 2012ರಲ್ಲಿ ಗೆದ್ದಲು ಹುತ್ತದ ಮಣ್ಣಿನಲ್ಲಿ ಚಿನ್ನದ ಅಂಶ ಇರುವುದನ್ನು ತೋರಿಸಿದರು. ಕೆಳಗೆ ಅದಿರು ಇದ್ದರೆ ಗೆದ್ದಲು ಅದರ ಕಣವನ್ನು ಮಣ್ಣಿನ ಜೊತೆ ಮೇಲೆ ತರುತ್ತದೆ. ಹಾಗಾಗಿ ಹುತ್ತ ಒಂದು ಸುಳಿವು, ನಿಜ. ಆದರೆ ಆ ಕಣ ಬರಿಗಣ್ಣಿಗೆ ಕಾಣುವುದಿಲ್ಲ, ಪ್ರಯೋಗಾಲಯಕ್ಕೆ ಕಳಿಸಬೇಕು. ಹಾರೆ ಹಾಕಿದವನಿಗೆ ಸಿಗುವುದು ನಾಗರಹಾವೇ.

ಚಿಕ್ಕಮಗಳೂರಿನ ಕಡೆಯ ಗಣಿಯೂ ಯಾವ ಗುಟ್ಟಿನ ನಕ್ಷೆಯಿಂದಲೂ ಸಿಕ್ಕಿದ್ದಲ್ಲ. ಕುದುರೆಮುಖದ ಕಬ್ಬಿಣವನ್ನು 1913ರಲ್ಲಿ ಗುರುತಿಸಿದ್ದು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಆ ಮಳೆಯಲ್ಲಿ, ಆ ಜಿಗಣೆಗಳ ನಡುವೆ ಕಾಡಲ್ಲಿ ನಡೆದು ಕಲ್ಲು ನೋಡಿದವರು. ಕಂಪನಿ ಬರೋಕೆ 1976 ಆಯಿತು, 2005ರ ಕೊನೆಗೆ ಗಣಿ ನಿಂತಿತು. ಆ ಗಣಿಯ ಒಳಿತು ಕೆಡುಕು ಬೇರೆ ಮಾತು. ಅಯ್ಯಂಗಾರರ ಹೆಸರು ಮಾತ್ರ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಳದಿ ಪೇಂಟು

ಕಾನೂನಿಗೇನೂ ಕೊರತೆಯಿಲ್ಲ. ನಿಧಿ ಬಗ್ಗೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ. ಸಿಕ್ಕಿದವರು ಸರ್ಕಾರಕ್ಕೆ ತಿಳಿಸಬೇಕು. ಸ್ಮಾರಕಗಳಿಗೆ 1961ರ ಕಾಯ್ದೆ. 2017ರ ವಾಮಾಚಾರ ತಡೆ ಕಾಯ್ದೆಯಲ್ಲಿ ನಿಧಿಗಾಗಿ ಮಾಡುವ ವಾಮಾಚಾರದ ಹೆಸರೆತ್ತಿಯೇ ನಿಷೇಧಿಸಿದ್ದಾರೆ. ಆದರೆ ತೋಟದ ಮೂಲೆಯಲ್ಲಿ, ಕೆರೆ ಏರಿಯ ಮೇಲೆ ನಿಂತಿರುವ ಒಂಟಿ ಕಲ್ಲಿಗೆ ಕಾವಲು ಯಾರು? ಜಮೀನಿನವರು. ಅವರಿಗೆ ಎರಡು ಭಯ. ಗೊತ್ತಾದರೆ ಕಳ್ಳರು ಬರುತ್ತಾರೆ. ಇಲಾಖೆಗೆ ಗೊತ್ತಾದರೆ ಜಮೀನಿಗೆ ತಕರಾರು ಬರುತ್ತದೆ. ಎರಡನೇ ಭಯಕ್ಕೆ ಎಷ್ಟು ಆಧಾರ ಇದೆಯೋ, ಹಳ್ಳಿಗಳಲ್ಲಿ ಮಾತ್ರ ಅದು ಮೊದಲನೆಯದಕ್ಕಿಂತ ಜಾಸ್ತಿ. ಹೊಲ ಉಳುವಾಗ ಸಿಕ್ಕ ಶಾಸನವನ್ನು ವಾಪಸ್ ಹೂತವರನ್ನು ನಾನು ಬಲ್ಲೆ.

ಮೂಡಿಗೆರೆ ಕಡೆ ನಮ್ಮ ಭಾವನ ಕಾಫಿ ತೋಟದಲ್ಲಿ ಒಂದು ವಾಮನ ಮುದ್ರೆ ಕಲ್ಲಿದೆ. ರೊಬಸ್ಟಾ ಗಿಡಗಳ ಮಧ್ಯೆ, ಸೊಂಟದೆತ್ತರ. ಕೊಡೆ ಚೆನ್ನಾಗಿ ಕಾಣುತ್ತದೆ, ಮುಖ ಸವೆದಿದೆ. ಹಿಂದೆ ಯಾರೋ ರಾತ್ರಿ ಬಂದು ಬುಡ ಕೆದಕಿ ಹೋಗಿದ್ದರಂತೆ. ಕಳೆದ ಸಲ ಹೋದಾಗ ನೋಡಿದರೆ ಕಲ್ಲಿನ ಹಿಂಬದಿಗೆ ಹಳದಿ ಪೇಂಟು ಬಳಿದು, ಅದರ ಮೇಲೆ ಕಪ್ಪಿನಲ್ಲಿ ಸರ್ವೆ ನಂಬರ್, ಒಂದು ಬಾಣದ ಗುರುತು ಹಾಕಿಸಿದ್ದರು.

"ಇದೇನು ಭಾವ ಹೀಗೆ ಮಾಡಿದೀರಿ?"

"ಮಾರಾಯ, ವಾಮನ ಅಂದ್ರೆ ಅಗೀತಾರೆ. ಸರ್ವೆ ಕಲ್ಲು ಅಂದ್ರೆ ಯಾರೂ ಮುಟ್ಟಲ್ಲ. ನೀನೇ ಹೇಳಿದ್ದಲ್ವಾ, ಇದು ಗಡಿಕಲ್ಲು ಅಂತ?"

ಹೇಳಿದ್ದೇನೋ ನಿಜ. ಆದರೆ ಎಣ್ಣೆ ಪೇಂಟು ಹಳೇ ಕಲ್ಲಿಗೆ ಒಳ್ಳೆಯದಲ್ಲ, ಸುಣ್ಣ ಹೊಡೆದಿದ್ದರೆ ಸಾಕಿತ್ತು ಅಂದೆ. ಸುಣ್ಣ ಜೂನ್ ತಿಂಗಳೂ ದಾಟಲ್ಲ ಅಂದರು. ಆ ಮಳೆಗೆ ಅದೂ ನಿಜವೇ. ಪೇಂಟು ಕೆರೆದು ತೆಗೆಸಿ, ಪಕ್ಕದಲ್ಲಿ ಬೇರೆ ಒಂದು ಸಿಮೆಂಟ್ ಕಂಬ ನೆಟ್ಟು ಅದಕ್ಕೆ ನಂಬರ್ ಹಾಕಿಸಿ ಅಂತ ನಾನು ಹೇಳುತ್ತಿದ್ದೇನೆ. ಕಂಬಕ್ಕೆ ದುಡ್ಡು ನೀನು ಕೊಡ್ತೀಯಾ ಅಂತ ಅವರು ಕೇಳುತ್ತಿದ್ದಾರೆ. ಕಾಫಿ ಕೊಯ್ಲು ಮುಗಿಯಲಿ, ನೋಡೋಣ ಅಂತ ಸದ್ಯಕ್ಕೆ ಮಾತು ನಿಂತಿದೆ.